ಮಂಡಲಕ್ಕೆ ಮುಗಿಯದ ಮದ್ದು

ಶಿಕಾರಿಪುರ
1-12-1997, ಸೋಮವಾರ

ಬೀಗಿತ್ತಿಯವರಾದ ಶ್ರೀಮತಿ ನಿರ್ಮಲಮ್ಮನವರಿಗೆ ಪರಮಶಿವಪ್ಪನ ಶರಣು.

ಇಲ್ಲಿ ನಾನು ಮತ್ತು ಯಮುನಮ್ಮ ಕ್ಷೇಮ. ಕಬ್ಬಿಣದ ಅಂಗಡಿ ಎಂದಿನಂತೆ ನಡೆದಿದೆ. ಹೆಣ್ಣು ಕೊಟ್ಟವನು ಬೀಗರ ಮನೆಯ ಅಡುಗೆ, ಪಥ್ಯ, ಪೂಜೆಗಳ ವಿಷಯದಲ್ಲಿ ಬಾಯಿ ಹಾಕಬಾರದೆಂಬ ರೂಢಿಯನ್ನು ಬಲ್ಲೆ. ಒಂದೂವರೆ ವರ್ಷದಿಂದ ಅದನ್ನು ಪಾಲಿಸಿಕೊಂಡೂ ಬಂದಿದ್ದೇನೆ. ಇಂದು ಮೀರುತ್ತಿದ್ದೇನೆ; ಮೊದಲೇ ಕ್ಷಮೆ ಕೋರುತ್ತೇನೆ.

ಹೋದ ತಿಂಗಳು ನಿಮ್ಮ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿದ ದಿನ ಗಂಗಾಶ್ರೀಗೆ ಉಬ್ಬಸ ಕಟ್ಟಿಕೊಂಡಾಗ, ಅವಳನ್ನು ಭುಜಕ್ಕೆ ಒರಗಿಸಿಕೊಂಡು ಆನವಟ್ಟಿಯಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಹೋದವರು ನೀವು. ಆ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ಮಗಳು ಬರೆದ ಕಾಗದದಲ್ಲಿ ಒಂದು ಸಾಲು ಕಂಡೆ. ನವೆಂಬರ್ ಹತ್ತರಂದು ಶುರುವಾದ ಔಷಧಕ್ಕೆ ಡಿಸೆಂಬರ್ ಇಪ್ಪತ್ತೇಳಕ್ಕೆ ನಲವತ್ತೆಂಟು ದಿನ ತುಂಬುತ್ತದೆ. ಅದರಾಚೆಯ ಸೋಮವಾರ, ಇಪ್ಪತ್ತೊಂಬತ್ತಕ್ಕೆ, ಎಣ್ಣೆನೀರು ಹಾಕಿ, ಹೋಳಿಗೆ ಮಾಡಿ, ಅತ್ತೆಯವರು ಮಂಡಲ ಮುಗಿಸುತ್ತಾರೆ ಎಂದು ಬರೆದಿದ್ದಾಳೆ.

ಮದ್ದನ್ನು ಮಂಡಲದ ಅಳತೆಯಲ್ಲಿ ಕೊಡುವುದು ನಾಟಿ ವೈದ್ಯರ ಕ್ರಮ. ಬೇರಿಗೆ, ಚೂರ್ಣಕ್ಕೆ ಅದು ಸಲ್ಲುತ್ತದೆಯೋ ಇಲ್ಲವೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಗಂಗಾಶ್ರೀ ಬೆಳಗ್ಗೆ ಸಂಜೆ ಬಾಯಲ್ಲಿಟ್ಟು ಉಸಿರಿನೊಡನೆ ಎಳೆದುಕೊಳ್ಳುವ ಕಂದು ಬಣ್ಣದ ಪಂಪು ಬಂದ ಉಬ್ಬಸವನ್ನು ಓಡಿಸಲು ಕೊಟ್ಟದ್ದಲ್ಲ, ಬಾರದಂತೆ ತಡೆಯಲು ಕೊಟ್ಟದ್ದು. ತಡೆಯುವ ಔಷಧ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇರುವ ಸಾಕ್ಷಿ ಒಂದೇ, ಏನೂ ಆಗದಿರುವುದು. ಏನೂ ಆಗಲಿಲ್ಲವೆಂದು ಅದನ್ನು ನಿಲ್ಲಿಸುವುದು, ಮನೆ ಸೋರುತ್ತಿಲ್ಲವೆಂದು ಹೆಂಚು ಇಳಿಸಿದಂತೆ.

ಇದನ್ನು ವಿಚಾರ ಮಾಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಪರಮಶಿವಪ್ಪ


ಆನವಟ್ಟಿ
5-12-1997

ಬೀಗರಾದ ಪರಮಶಿವಪ್ಪನವರಿಗೆ ನಿರ್ಮಲಮ್ಮ ಮಾಡುವ ಶರಣಾರ್ಥಿ.

ನಿಮ್ಮ ಕಾಗದ ಬಂದ ದಿನ ಗಿರಣಿಯ ಬೆಲ್ಟು ಹರಿದು ಸುಮ್ಮನೆ ಕೂತಿದ್ದೆವು, ಹಾಗಾಗಿ ಓದಲು ಪುರುಸೊತ್ತು ಸಿಕ್ಕಿತು. ನೀವು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವರು ಎಂದು ಹೆಣ್ಣು ನೋಡಲು ಬಂದಾಗಲೇ ಕೇಳಿದ್ದೆ. ಈಗ ಕಂಡ ಹಾಗಾಯಿತು. ಓದಿ ಮುಗಿಸಿದಾಗ ಚಪ್ಪಾಳೆ ತಟ್ಟಬೇಕೇನೋ ಅನ್ನಿಸಿತು.

ನೀವು ತಂದೆ, ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಹೇಳುವುದನ್ನೂ ಕೇಳಿ. ಆ ಡಬ್ಬಿಯ ಮೇಲೆ ಇನ್ನೂರು ಸಲ ಎಂದು ಬರೆದಿದೆ. ಬೆಳಗ್ಗೆ ಎರಡು, ಸಂಜೆ ಎರಡು. ಐವತ್ತು ದಿನಕ್ಕೆ ಡಬ್ಬಿ ಖಾಲಿ. ಎರಡು ದಿನ ಹಿಂದೆ ಮುಂದೆ ಬಿಟ್ಟರೆ ಮಂಡಲವೇ ಆಯಿತಲ್ಲ. ಶಿವಮೊಗ್ಗದ ಡಾಕ್ಟರೂ ನಮ್ಮ ಹಿರಿಯರ ಅಳತೆಗೇ ಬಂದಿದ್ದಾರೆ. ಅವರೇ ಅಳೆದು ಕೊಟ್ಟ ಮೇಲೆ ನೀವೇಕೆ ಹೆಚ್ಚು ಕೇಳುತ್ತೀರಿ?

ಇನ್ನೊಂದು ವಿಷಯವಿದೆ. ಹತ್ತು ದಿನದಿಂದ ಅವಳ ನಾಲಿಗೆ, ಅಂಗುಳು ಬಿಳಿ ಕಟ್ಟಿದೆ. ಒಂದು ತುತ್ತು ಖಾರ ತಿಂದರೆ ಕಣ್ಣಲ್ಲಿ ನೀರು. ಆ ಮದ್ದು ಉಷ್ಣ. ದಿನ ತುಂಬಿದ ಮೇಲೂ ಕೊಟ್ಟರೆ ಇನ್ನೇನಾಗುತ್ತದೋ.

ಇಪ್ಪತ್ತೊಂಬತ್ತಕ್ಕೆ ನೀವಿಬ್ಬರೂ ಬನ್ನಿ. ನಮ್ಮ ಕಡೆಯಂತೆ ನಿಮ್ಮ ಕಡೆಯೂ ಇದ್ದೀತು, ಉಳಿದ ಮದ್ದು ರೋಗವನ್ನು ಕೂಗಿ ಕರೆಯುತ್ತದೆ ಎನ್ನುತ್ತಾರೆ. ಅದಕ್ಕೆ ಕಂದು ಬಣ್ಣದ್ದು, ಉಬ್ಬಸ ಬಂದಾಗ ಎಳೆಯಲು ಕೊಟ್ಟಿರುವ ನೀಲಿ ಬಣ್ಣದ್ದು, ಎರಡನ್ನೂ ಅವತ್ತು ಕೆರೆಗೆ ಬಿಟ್ಟು ಬರುತ್ತೇವೆ. ಆಮೇಲೆ ಊಟ.

ಇಂತಿ,
ನಿರ್ಮಲಮ್ಮ


ಶಿಕಾರಿಪುರ
10-12-1997

ಬೀಗಿತ್ತಿಯವರಿಗೆ ಶರಣು.

ತಮ್ಮ ಪತ್ರ ತಲುಪಿದ ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಆ ವೈದ್ಯರನ್ನು ಕಂಡೆ. ಒಂದೂವರೆ ಗಂಟೆ ಕಾದು, ತಮ್ಮ ಆಕ್ಷೇಪಗಳನ್ನು ತಮ್ಮ ಮಾತಿನಲ್ಲೇ ಮುಂದಿಟ್ಟೆ. ಅವರು ನಕ್ಕರು. ಡಬ್ಬಿಯ ಇನ್ನೂರು ಡಬ್ಬಿಯ ಅಳತೆಯೇ ಹೊರತು ರೋಗದ ಅಳತೆಯಲ್ಲ. ಎಣ್ಣೆಯ ಡಬ್ಬ ಖಾಲಿಯಾದರೆ ಅಡುಗೆ ಬಿಡುತ್ತೀರಾ ಎಂದು ಕೇಳಿದರು. ಮೂರು ತಿಂಗಳಾದ ಮೇಲೆ ಗಂಗಾಶ್ರೀಯನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ಪ್ರಮಾಣವನ್ನು ಅವರೇ ಮೆಲ್ಲಗೆ ಇಳಿಸುತ್ತಾರಂತೆ. ತಾವಾಗಿ ಏರಿಸುವುದೂ ಸಲ್ಲದು, ನಿಲ್ಲಿಸುವುದೂ ಸಲ್ಲದು.

ಬಾಯಿಯ ಬಿಳುಪು ಉಷ್ಣದಿಂದ ಬಂದದ್ದಲ್ಲ. ಔಷಧದ ಪುಡಿ ಗಂಟಲಲ್ಲಿ ಕೂತು ಹಾಗಾಗುತ್ತದೆ. ಪ್ರತಿ ಸಲ ಎಳೆದುಕೊಂಡ ಮೇಲೆ ನೀರಿನಿಂದ ಬಾಯಿ, ಗಂಟಲು ಮುಕ್ಕಳಿಸಿ ಉಗಿಯಬೇಕು. ಗಂಗಾಶ್ರೀ ಗಿರಣಿಗೆ ಬಂದವರ ಕಣ್ಣಿಗೆ ಬೀಳಬಾರದೆಂದು ಕದದ ಹಿಂದೆ ನಿಂತು ಎಳೆದುಕೊಂಡು, ಹಾಗೆಯೇ ಸೆರಗು ಸರಿಮಾಡಿಕೊಂಡು ಬರುತ್ತಿರಬೇಕು. ಹೀಗೆ ಊಹಿಸಲು ನನಗೆ ಕಾರಣವಿದೆ. ವಾರದಲ್ಲಿ ಬಿಳುಪು ಹೋಗದಿದ್ದರೆ ಕರೆತರಲು ಹೇಳಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೀಲಿ ಪಂಪು. ಉಬ್ಬಸ ಬಂದಾಗ ಕಂದು ಬಣ್ಣದ್ದು ಕೆಲಸಕ್ಕೆ ಬಾರದು, ಆಗ ಬೇಕಾದದ್ದು ನೀಲಿ. ಅದು ಸದಾ ಅವಳ ಕೈಗೆಟುಕುವಂತಿರಬೇಕು. ಅದನ್ನು ಪದೇ ಪದೇ ಎಳೆಯಬೇಕಾಗಿ ಬಂದರೆ ವೈದ್ಯರಲ್ಲಿಗೆ ಹೋಗಬೇಕು. ಎಳೆದರೂ ಉಸಿರು ಹಗುರವಾಗದಿದ್ದರೆ ಕಾಯದೆ ಆಸ್ಪತ್ರೆಗೆ. ಇಲ್ಲಿ ಬಸ್‌ಸ್ಟ್ಯಾಂಡಿನ ಬಳಿ ಔಷಧದ ಅಂಗಡಿ ಇಟ್ಟಿರುವ ನಜೀರ್ ಸಾಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಕಂದುದ್ದು ದಿನಾ ಬಾಗ್ಲು ಕಾಯೋದು ಸಾವ್ಕಾರ್ರೆ, ನೀಲೀದು ಕಳ್ಳ ಬಂದ್ರೆ ಓಡ್ಬರೋದು. ಕಳ್ಳ ಬಂದಿಲ್ಲ ಅಂತ ಕಾವಲುಗಾರನ್ನ ಮನೀಗೆ ಕಳಿಸ್ತೀರಾ? ಈ ಸಲ ಎರಡೂ ಇಟ್ಕೊಳ್ರಿ."

ಇಷ್ಟರ ಮೇಲೆ ಇಪ್ಪತ್ತೊಂಬತ್ತರ ಕಾರ್ಯಕ್ರಮಕ್ಕೆ ಆಧಾರ ಉಳಿದಿಲ್ಲವೆಂದು ಭಾವಿಸುತ್ತೇನೆ.

ತಮ್ಮ ವಿಶ್ವಾಸಿ,
ಪರಮಶಿವಪ್ಪ


ಆನವಟ್ಟಿ
15-12-1997

ಬೀಗರಿಗೆ ಶರಣಾರ್ಥಿ.

ಬಾಯಿ ಮುಕ್ಕಳಿಸುವ ವಿಷಯದಲ್ಲಿ ನೀವು ಗೆದ್ದಿರಿ. ಈಗ ಅವಳು ಕದದ ಹಿಂದೆ ನಿಲ್ಲುವುದಿಲ್ಲ, ಬಚ್ಚಲ ಬಾಗಿಲಲ್ಲೇ ನಿಲ್ಲಿಸಿ ಚೊಂಬು ಹಿಡಿದುಕೊಂಡು ನಾನೇ ನಿಂತಿರುತ್ತೇನೆ. ಬಿಳಿ ಆಗಲೇ ಕಡಿಮೆಯಾಗುತ್ತಾ ಬಂದಿದೆ. ಮೊನ್ನೆ ಆಚೆಮನೆಯ ಮಾಳಮ್ಮ ಹಿತ್ತಲಿಂದ ನೋಡಿ, "ಏನ್ ನಿರ್ಮಲಕ್ಕ, ನಿನ್ ಸೊಸಿ ಬೀಡಿ ಸೇದೋದು ಕಲ್ತಾಳಾ?" ಅಂದಳು. "ಹೂಂ, ನಿಂಗೂ ಒಂದು ಕಟ್ಟು ತರಿಸ್ಲಾ?" ಅಂದೆ. ಬಾಯಿ ಮುಚ್ಚಿಕೊಂಡು ಹೋದಳು.

ಆದರೆ ಬೀಗರೇ, ಬಾಯಿಯ ಮಾತು ಬೇರೆ, ಮಂಡಲದ ಮಾತು ಬೇರೆ. ನಮ್ಮತ್ತೆಗೆ ಹದಿನೈದು ವರ್ಷದ ಕಜ್ಜಿ ಒಂದು ಮಂಡಲಕ್ಕೆ ಹೋಯಿತು, ನಾನೇ ಕಣ್ಣಾರೆ ಕಂಡಿದ್ದೇನೆ. ಡಾಕ್ಟರು ಓದಿದವರು, ನೀವು ಮಾತು ಬಲ್ಲವರು, ನಜೀರ್ ಸಾಬರು ಮದ್ದು ಮಾರುವವರು. ಮೂವರೂ ಹೇಳಿದ್ದು ಹೇಳಿಕೆಯ ಮಾತು. ನನಗೆ ಕಂಡ ಮಾತು ಬೇಕು.

ಒಂದು ಕೇಳುತ್ತೇನೆ. ನಿಮ್ಮ ಸಾಬರು "ಈ ಸಲ ಎರಡೂ ಇಟ್ಕೊಳ್ರಿ" ಅಂದರಂತೆ. ಈ ಸಲ ಎಂದರೆ, ಹಿಂದೊಂದು ಸಲ ಇತ್ತು ಎಂದಾಯಿತು. ಅದು ಯಾವುದು? ಚೆನ್ನಾಗಿದ್ದೇನೆಂದು ಈ ಮದ್ದು ನಿಲ್ಲಿಸಿ ಕೆಟ್ಟವರು ಯಾರಾದರೂ ಇದ್ದಾರೆಯೇ? ಊರು ಕೇರಿಯ ಸುದ್ದಿ ಬೇಡ, ನೀವು ಕಂಡವರ ಒಂದು ಹೆಸರು ಹೇಳಿ. ಹೇಳಿದರೆ ನಾನು ಹೂರಣ ರುಬ್ಬುವುದಿಲ್ಲ. ಹೇಳದಿದ್ದರೆ ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತೇ.

ಇಂತಿ,
ನಿರ್ಮಲಮ್ಮ


ಶಿಕಾರಿಪುರ
18-12-1997

ಚಿ. ಸೌ. ಗಂಗಾಶ್ರೀಗೆ ನಿನ್ನ ತಂದೆಯ ಆಶೀರ್ವಾದ.

ಇದನ್ನು ನೀನೊಬ್ಬಳೇ ಇರುವಾಗ ಓದು.

ನಿಮ್ಮತ್ತೆ ನನ್ನನ್ನು ಒಂದು ಹೆಸರು ಕೇಳಿದ್ದಾರೆ. ಆ ಹೆಸರು ಯಾವುದೆಂದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಸಂಬಂಧ ಕೂಡಿಬಂದಾಗ ಅವರು ನಿನ್ನ ಅಣ್ಣ ಹೇಗೆ ಹೋದನೆಂದು ಕೇಳಿದ್ದರು. ಹೃದಯ ನಿಂತುಹೋಯಿತು ಎಂದೆ. ಅದು ಸುಳ್ಳಲ್ಲವೆಂದು ಅಂದು ನನಗೆ ನಾನೇ ವಾದಿಸಿಕೊಂಡೆ. ಯಾರು ಸತ್ತರೂ ಕೊನೆಗೆ ನಿಲ್ಲುವುದು ಹೃದಯವೇ ಅಲ್ಲವೇ? ಉಬ್ಬಸ ಮನೆತನದಲ್ಲಿ ಇದೆ ಎಂದರೆ ನಿನ್ನನ್ನು ಯಾರೂ ಒಪ್ಪುವುದಿಲ್ಲವೆಂಬ ಭಯ ನನಗಿತ್ತು.

ಈಗ ನಿಜ ಹೇಳಿದರೆ ಆ ಮನೆಯಲ್ಲಿ ನಿನ್ನ ಸ್ಥಾನಕ್ಕೆ ಏನಾಗುತ್ತದೋ ತಿಳಿಯದು. ಹೇಳದಿದ್ದರೆ ಇಪ್ಪತ್ತೊಂಬತ್ತರಂದು ಎರಡು ಪಂಪುಗಳೂ ಕೆರೆಗೆ ಹೋಗುತ್ತವೆ. ನನ್ನ ತೀರ್ಮಾನವನ್ನು ನಿನಗೆ ತಿಳಿಸುವುದೇ ಇದುವರೆಗಿನ ವಾಡಿಕೆ. ಈ ಬಾರಿ ಕೇಳುತ್ತಿದ್ದೇನೆ. ಬಾಳುತ್ತಿರುವವಳು ನೀನು. ಬರೆಯಲೇ, ಬೇಡವೇ?

ನಿನ್ನ ತಂದೆ,
ಪರಮಶಿವಪ್ಪ


ಆನವಟ್ಟಿ
21-12-1997, ಭಾನುವಾರ

ಅಪ್ಪಾಜಿಗೆ ಗಂಗಾಶ್ರೀಯ ನಮಸ್ಕಾರಗಳು.

ಬರೆಯಿರಿ.

ಮದುವೆಯಾದ ವಾರದಲ್ಲೇ ಅಣ್ಣನ ವಿಷಯ ಇವರಿಗೆ ಹೇಳುತ್ತೇನೆಂದು ನಿಮ್ಮನ್ನು ಕೇಳಿದ್ದೆ. ನೀವು ಬೇಡವೆಂದಿರಿ, ನಾನು ಹೇಳಲಿಲ್ಲ. ಪಂಪುಗಳನ್ನು ಕೆರೆಗೆ ಬಿಟ್ಟರೆ ಇನ್ನೊಂದು ಜೊತೆ ತರಿಸಿ ಟ್ರಂಕಿನಲ್ಲಿ ಬಚ್ಚಿಡಬಹುದು ಎಂದೂ ಯೋಚಿಸಿದೆ. ಆದರೆ ಅಪ್ಪಾಜಿ, ಈ ಮನೆಯಲ್ಲಿ ಕದ್ದು ಉಸಿರಾಡುವುದು ಸಾಕಾಗಿದೆ. ಈ ವಾರ ಅತ್ತೆ ಚೊಂಬು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಆಗೆಲ್ಲ ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ನಾನೇ ಹೇಳಬಲ್ಲೆ. ಆದರೆ ಮುಚ್ಚಿಟ್ಟವರು ನೀವು, ನಿಮ್ಮ ಕೈಬರಹದಲ್ಲೇ ಬರಲಿ. ನನ್ನನ್ನು ಏನು ಮಾಡುತ್ತಾರೋ ಎಂಬ ಚಿಂತೆ ಬೇಡ. ಅತ್ತೆಯನ್ನು ನೀವು ಒಂದೆರಡು ದಿನ ನೋಡಿದ್ದೀರಿ, ನಾನು ಒಂದೂವರೆ ವರ್ಷ ನೋಡಿದ್ದೇನೆ.

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ಗಂಗಾ


ಶಿಕಾರಿಪುರ
23-12-1997, ಮಂಗಳವಾರ

ನಿರ್ಮಲಮ್ಮನವರಿಗೆ,

ತಾವು ಒಂದು ಹೆಸರು ಕೇಳಿದಿರಿ. ಚಂದ್ರಶೇಖರ. ನನ್ನ ಮಗ.

ಅವನು ಹೃದಯದ ತೊಂದರೆಯಿಂದ ಲಿಂಗೈಕ್ಯನಾದನೆಂದು ತಮಗೆ ಹೇಳಿದ್ದೆ. ಅವನಿಗೆ ಉಬ್ಬಸವಿತ್ತು. 1993ರ ಡಿಸೆಂಬರ್ ಒಂದರಂದು ಅವನಿಗೂ ಅದೇ ಕಂದು, ಅದೇ ನೀಲಿ ಕೊಟ್ಟರು. ಆಗ ಅವನಿಗೆ ಇಪ್ಪತ್ತೊಂದು. ಅಂಗಡಿಗೆ ಬಂದವರು ಕಾಣದಂತೆ ಕದದ ಹಿಂದೆ ನಿಂತು ಎಳೆದುಕೊಳ್ಳುತ್ತಿದ್ದ. ನಲವತ್ತೆಂಟು ದಿನಗಳಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಡಬ್ಬಿಯ ಮೇಲಿನ ಇನ್ನೂರನ್ನು ತಾವು ಓದಿದಂತೆಯೇ ನಾನೂ ಓದಿದೆ. ಜನವರಿ ಹದಿನೇಳು ಸೋಮವಾರವೇ ಆಗಿತ್ತು. ಹೋಳಿಗೆ ಮಾಡಿಸಿದೆ.

ಯಮುನಮ್ಮ ಬೇಡವೆಂದಳು. ಡಾಕ್ಟರು ಮತ್ತೆ ಬಾ ಎಂದಿದ್ದಾರಲ್ಲ ಎಂದಳು. ನಾನು ಅವಳನ್ನು ಕೂರಿಸಿಕೊಂಡು ವಾದಿಸಿದೆ. ರೋಗವಿಲ್ಲದವನಿಗೆ ಔಷಧವೇಕೆ? ಔಷಧ ಬೇಕೆನ್ನುವೆಯಾದರೆ ರೋಗವೆಲ್ಲಿದೆ, ತೋರಿಸು. ಅವಳು ನಾಲ್ಕನೆಯ ತರಗತಿ ಓದಿದವಳು. "ನಿಮ್ ಮಾತಿಗೆ ಎದುರು ಮಾತು ನಂಗೆ ಬರಲ್ಲರೀ. ಆದ್ರೆ ಬ್ಯಾಡ ಅನಿಸ್ತದೆ" ಎಂದಳು. ಅನಿಸಿಕೆ ಪ್ರಮಾಣವಲ್ಲ ಎಂದು ಹೇಳಿ ಮಾತು ಮುಗಿಸಿದೆ. ಅಂದು ನಾನು ಗೆದ್ದೆ. ಸಂಜೆ ಹುಚ್ಚರಾಯನ ಕೆರೆಗೆ ಹೋಗಿ ಎರಡೂ ಪಂಪುಗಳನ್ನು ಕೈಯಾರೆ ನೀರಿಗೆ ಬಿಟ್ಟು ಬಂದೆ.

ಇಪ್ಪತ್ತನಾಲ್ಕು ದಿನ ಚೆನ್ನಾಗಿದ್ದ. ಇಪ್ಪತ್ತೈದನೆಯ ದಿನ, ಫೆಬ್ರವರಿ ಹನ್ನೊಂದು, ಶುಕ್ರವಾರ, ಗೋದಾಮಿನಲ್ಲಿ ಹಳೆಯ ಗೋಣಿಚೀಲಗಳನ್ನು ಒದರಿ ಜೋಡಿಸುತ್ತಿದ್ದವನು ಮನೆಗೆ ಬಂದು ಗೋಡೆ ಹಿಡಿದು ನಿಂತ. ಅವನು ಮೊದಲು ಹುಡುಕಿದ್ದು ನೀಲಿ ಪಂಪನ್ನು. ಗೂಟದ ಮೇಲಿನ ಅಂಗಿಯ ಜೇಬು ನೋಡಿದ. ಮೇಜಿನ ಖಾನೆ ಎಳೆದ. ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ನಜೀರ್ ಸಾಬರ ಅಂಗಡಿಗೆ ಓಡಿದೆ. ನಮಾಜಿನ ಹೊತ್ತು, ಬಾಗಿಲು ಹಾಕಿತ್ತು. ಯಾರೋ ಹೇಳಿ ಅವರು ಮಸೀದಿಯಿಂದ ಬರಿಗಾಲಲ್ಲೇ ಬಂದು ಬೀಗ ತೆಗೆದರು. ಹೊಸ ಪಂಪು ಹಿಡಿದು ನಾನು ಮನೆ ಸೇರುವ ಹೊತ್ತಿಗೆ ಯಮುನಮ್ಮನ ತೋಳಿನಲ್ಲಿ ಅವನ ಉಸಿರು ಹುಡುಕಬೇಕಾಗಿತ್ತು. ಜೀಪು ಶಿವಮೊಗ್ಗ ಮುಟ್ಟಲಿಲ್ಲ.

ಇದನ್ನು ಮುಚ್ಚಿಟ್ಟು ತಮ್ಮ ಮನೆಗೆ ಹೆಣ್ಣು ಕೊಟ್ಟೆ. ತಪ್ಪು ನನ್ನದು, ಗಂಗಾಶ್ರೀಯದಲ್ಲ. ಅವಳು ಹೇಳಬೇಕೆಂದಿದ್ದಳು, ತಡೆದವನು ನಾನು. ಇದಕ್ಕೆ ತಾವು ವಿಧಿಸುವ ಯಾವುದನ್ನೂ ಒಪ್ಪುತ್ತೇನೆ. ಔಷಧ ಮಾತ್ರ ನಿಲ್ಲಬಾರದು. ಇದನ್ನು ನಾನು ವಾದವಾಗಿ ಹೇಳುತ್ತಿಲ್ಲ. ಕಂಡವನಾಗಿ ಹೇಳುತ್ತಿದ್ದೇನೆ.

ಪರಮಶಿವಪ್ಪ


ಆನವಟ್ಟಿ
30-12-1997, ಮಂಗಳವಾರ

ಬೀಗರಿಗೆ,

ಸೋಮವಾರ ಕಳೆಯಲಿ ಎಂದು ಕಾದು ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಮನೆಯಲ್ಲಿ ಅನ್ನ, ಸಾರು, ಹುರುಳಿಕಾಳಿನ ಪಲ್ಯ. ಕೊಟ್ಟ ಮಾತಿನಂತೆ ಹೂರಣ ರುಬ್ಬಲಿಲ್ಲ. ಹೊಸ ಕಂದು ಡಬ್ಬಿ ಸೊರಬದಿಂದ ತರಿಸಿದ್ದೇನೆ. ನೀಲಿಯದು ಎರಡು ತರಿಸಿದೆ, ಒಂದು ಅವಳ ಹತ್ತಿರ ಇರುತ್ತದೆ, ಒಂದು ಗಿರಣಿಯ ಗಲ್ಲಾಪೆಟ್ಟಿಗೆಯಲ್ಲಿ. ಮೆಣಸಿನಕಾಯಿ ಬೀಸುವ ದಿನ ಅವಳು ಮಾಳಮ್ಮನ ಮನೆಯಲ್ಲಿ ಕೂರುತ್ತಾಳೆ. ಫೆಬ್ರವರಿಯಲ್ಲಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಕಾಗದವನ್ನು ಮಗ ರೇಣುಕಾಪ್ರಸಾದನಿಗೂ ಕೊಟ್ಟೆ. ಓದಿ ಹಿಂದಕ್ಕೆ ಕೊಟ್ಟು, ಗಂಗಾ ಇದ್ದ ಕಡೆ ಹೋದ. ಅವರಿಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ.

ಮೊದಲೇ ಗೊತ್ತಿದ್ದರೆ ನಾನು ನಿಮ್ಮ ಮನೆಯ ಹೆಣ್ಣು ತರುತ್ತಿರಲಿಲ್ಲ. ಇಲ್ಲವೆಂದು ಸುಳ್ಳು ಹೇಳಲಾರೆ. ಆಗ ಈ ಗಂಗಾ ನಮ್ಮ ಮನೆಗೆ ಬರುತ್ತಿರಲಿಲ್ಲ. ಅದನ್ನೂ ಕೂತು ಯೋಚಿಸಿದೆ. ಮನಸ್ಸು ಒಪ್ಪಲಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಅವತ್ತು ಬಸ್ಸಿನಲ್ಲಿ ಅವಳ ತುಟಿ ಕಪ್ಪಗಾಗುತ್ತಿತ್ತು. ಏನೆಂದು ತಿಳಿಯದೆ ನಾನು ಬಾಯಿಗೆ ನೀರು ಬಿಡಲು ಹೋದೆ. ಕಂಡಕ್ಟರು ಕೈ ಹಿಡಿದು ತಡೆದ. ನಾನೇ ಕೊಲ್ಲುತ್ತಿದ್ದೆ ಬೀಗರೇ. ನಿಮ್ಮ ಮನೆಯಲ್ಲಿ ಆ ರೋಗದ ಗುರುತು ಗೊತ್ತಿತ್ತು. ನಮ್ಮ ಮನೆಯಲ್ಲಿ ಗೊತ್ತಿರಲಿಲ್ಲ. ಇದಕ್ಕೆ ನಿಮ್ಮ ಹತ್ತಿರ ಯಾವ ವಾದವಿದೆಯೋ ಬಂದು ನನ್ನ ಮುಖ ನೋಡಿ ಹೇಳಿ.

ಇನ್ನೊಂದು ಕೇಳುತ್ತೇನೆ, ನನಗೆ ಸಂಬಂಧವಿಲ್ಲ ಎಂದರೂ ಕೇಳುತ್ತೇನೆ. ನನಗೆ ಇಷ್ಟುದ್ದ ಬರೆದಿರಿ. ನೀನು ಹೇಳಿದ್ದೇ ಸರಿಯಾಗಿತ್ತು ಎಂದು ಯಮುನಮ್ಮನವರಿಗೆ ಒಂದು ಸಲವಾದರೂ ಹೇಳಿದ್ದೀರಾ?

ಉಬ್ಬಸ ಹತ್ತುವ ಮೊದಲು ಮಕ್ಕಳು ಹೇಗೆ ಮಾಡುತ್ತಾರೆ, ಯಾವುದನ್ನು ನೋಡಿ ಎಚ್ಚರಾಗಬೇಕು, ಅದು ಡಾಕ್ಟರ ಚೀಟಿಯಲ್ಲಿಲ್ಲ. ಹೆತ್ತವಳು ಕಂಡಿರುತ್ತಾಳೆ. ಅವರನ್ನು ಕರೆದುಕೊಂಡು ಬನ್ನಿ.

ನಿರ್ಮಲಮ್ಮ


ಶಿಕಾರಿಪುರ
3-1-1998, ಶನಿವಾರ

ನಿರ್ಮಲಮ್ಮನವರಿಗೆ ಪರಮಶಿವಪ್ಪನ ಶರಣು.

ತಮ್ಮ ಪತ್ರವನ್ನು ಯಮುನಮ್ಮನ ಎದುರು ಕೂತು ಓದಿದೆ. ಓದಿದ ಮೇಲೆ ತಾವು ಕೇಳಿದ ಮಾತನ್ನು ಹೇಳಿದೆ. ವೇದಿಕೆಯ ಮೇಲೆ ನಿಂತು ಬೆಳೆದವನು ನಾನು. ಅಷ್ಟು ಚಿಕ್ಕ ವಾಕ್ಯವನ್ನು ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಿಮಗೆ ಗೊತ್ತಾಗ್ಯದೆ ಅಂತ ನಂಗೆ ಅವತ್ತೇ ಗೊತ್ತಿತ್ತು. ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ" ಎಂದಳು.

ಆಮೇಲೆ ತಾನಾಗಿಯೇ ಹೇಳತೊಡಗಿದಳು. ಉಬ್ಬಸ ಬರುವ ಹಿಂದಿನ ದಿನವೇ ಚಂದ್ರಶೇಖರ ಗದ್ದದ ಕೆಳಗೆ ತುರಿಸಿಕೊಳ್ಳುತ್ತಿದ್ದನಂತೆ. ಮಲಗುವಾಗ ಇನ್ನೊಂದು ದಿಂಬು ಕೇಳುತ್ತಿದ್ದನಂತೆ. ಮಾತಿನ ನಡುವೆ ನಿಲ್ಲಿಸಿ, ಮರೆತವನಂತೆ ನಟಿಸಿ, ಉಸಿರು ಎಳೆದುಕೊಂಡು ಮುಂದುವರಿಸುತ್ತಿದ್ದನಂತೆ. ನಾನೂ ಅದೇ ಮನೆಯಲ್ಲಿದ್ದೆ. ಇವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಬರೆದುಕೊಳ್ಳಲೇ ಎಂದು ಕೇಳಿದೆ. "ಬ್ಯಾಡ. ನಾನೇ ಬಂದು ಹೇಳ್ತೀನಿ" ಎಂದಳು.

ಗುರುವಾರ ಬೆಳಗಿನ ಬಸ್ಸಿಗೆ ಶಿರಾಳಕೊಪ್ಪದ ಮೇಲೆ ಬರುತ್ತೇವೆ. ತಮ್ಮ ಮೊದಲ ಪ್ರಶ್ನೆಗೆ ನನ್ನಲ್ಲಿ ವಾದವಿಲ್ಲ; ತಮ್ಮ ಎದುರು ನಿಂತು ಅಷ್ಟನ್ನೇ ಹೇಳುತ್ತೇನೆ. ಉಳಿದದ್ದನ್ನು ಹೇಳುವವಳು ಯಮುನಮ್ಮ. ಅಳಿಯಂದಿರೂ ಮನೆಯಲ್ಲಿರಲಿ. ಮಾಳಮ್ಮನವರನ್ನೂ ಕರೆಯಿರಿ, ಮಗಳು ಅವರ ಮನೆಯಲ್ಲೂ ಕೂರುವವಳು. ಆ ಹೊತ್ತು ಗಿರಣಿಯನ್ನು ಒಂದು ಗಂಟೆ ನಿಲ್ಲಿಸಿಬಿಡಿ. ಯಮುನಮ್ಮನ ದನಿ ಸಣ್ಣದು.

ತಮ್ಮ,
ಪರಮಶಿವಪ್ಪ